ಮೇಲೆ ಹೋಗಬೇಕಿದ್ದ ಗೆರೆ

ತೇಗ, ಬೀಟೆಯ ವ್ಯಾಪಾರ ನೋಡಿಕೊಳ್ಳುವ ಮಂಡಳಿಯೊಂದರಲ್ಲಿ ಜಲಜಾಕ್ಷಿ ಎಂಬ ಗುಮಾಸ್ತೆಯಿದ್ದಳು. ಮಂತ್ರಿಗಳಿಗೆ ತೋರಿಸಲೆಂದು ಅವಳು ದೊಡ್ಡದೊಂದು ನಕ್ಷೆ ಬರೆದಳು. ವರ್ಷವರ್ಷವೂ ನಮ್ಮ ದೇಶದ ಮರ ಎಷ್ಟು ಮಾರಾಟವಾಯಿತು, ನೆರೆದೇಶದ್ದು ಎಷ್ಟು ಮಾರಾಟವಾಯಿತು ಎಂಬ ಎರಡು ಗೆರೆ. ಉದ್ದಕ್ಕೂ ಅವರದು ಮೇಲೆ, ನಮ್ಮದು ಕೆಳಗೆ.

ಅಧ್ಯಕ್ಷ ಪುಟ್ಟಸ್ವಾಮಯ್ಯ ಕೆಂಡವಾದರು. "ನಾಳೆಯೊಳಗೆ ನಮ್ಮ ಗೆರೆ ಮೇಲಿರಬೇಕು. ಇಲ್ಲದಿದ್ದರೆ ನಿನಗೆ ವರ್ಗಾವಣೆ!"

ಸುಳ್ಳು ಬರೆದರೆ, ಎಲ್ಲ ಚೆನ್ನಾಗಿದೆಯೆಂದು ಮಂತ್ರಿಗಳು ಹೊಸ ಮರಗಳಿಗೆ ಸಸಿ ಬೆಳೆಸುವ ಮಂಡಳಿಯ ಸಸಿತೋಟವನ್ನೇ ಮುಚ್ಚಿಸಿಬಿಡುತ್ತಾರೆಂದು ಜಲಜಾಕ್ಷಿಗೆ ಗೊತ್ತಿತ್ತು. ಆದರೂ ಅವಳು, "ಆಗಲಿ ಸಾರ್" ಎಂದಳು.

ಮರುದಿನ ಮಂತ್ರಿಗಳು ಬಂದು ನೋಡಿದರೆ, ನಕ್ಷೆ ತಲೆಕೆಳಗಾಗಿ ತೂಗುತ್ತಿದೆ! ಅಧ್ಯಕ್ಷರು ಬೆವೆತುಹೋದರು.

"ಏನಮ್ಮ ಇದು?" ಎಂದರು ಮಂತ್ರಿಗಳು, ಕತ್ತು ವಾಲಿಸಿ.

"ನಮ್ಮ ಗೆರೆ ಮೇಲಿರಬೇಕೆಂದು ಅಧ್ಯಕ್ಷರ ಅಪ್ಪಣೆ ಸಾರ್. ಅಂಕಿ ಮುಟ್ಟದೆ ಮಾಡಲು ಇದೊಂದೇ ದಾರಿ ಕಂಡಿತು."

ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೆರೆದೇಶದವರು ಹೇಗಮ್ಮ ಮೇಲೆ ಹೋದರು?"

"ಕಡಿದದ್ದಕ್ಕಿಂತ ಹೆಚ್ಚು ನೆಡುತ್ತಾರೆ ಸಾರ್."

ಮಂತ್ರಿಗಳ ಆಜ್ಞೆಯಂತೆ ಆ ಮಳೆಗಾಲ ಸಸಿತೋಟ ಎರಡರಷ್ಟಾಯಿತು. ಮೊದಲ ತೇಗದ ಸಸಿ ನೆಟ್ಟವರು ಅಧ್ಯಕ್ಷರೇ. "ಇದು ಯಾವಾಗಮ್ಮ ಮಾರಾಟಕ್ಕೆ ಬರೋದು?" ಎಂದು ಕೇಳಿದರು.

"ನಿಮ್ಮ ಮೊಮ್ಮಗಳು ಅಧ್ಯಕ್ಷೆಯಾಗುವ ಹೊತ್ತಿಗೆ ಸಾರ್."

ಅಧ್ಯಕ್ಷರ ಮುಖ ಅರಳಿತು. ಇನ್ನೊಂದು ಕೊಡ ನೀರು ತಾವೇ ತಂದು ಹುಯ್ದರು.