ಕಾದು ಕಾದು ಅಮಲೇರಿದ ಭಂಗಿ ಗಿಡ

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳ ಮಣ್ಣು ಒಣಗಿರಲಿಲ್ಲ, ಗಿಡಗಳು ಮಾತು ಮರೆತಿರಲಿಲ್ಲ. ಆಗ ಭಂಗಿ ಗಿಡ ಬಲು ಸಾಧು. ಅದರ ನಾರು ಹಗ್ಗಕ್ಕೆ, ಹೂವು ನೋವಿಗೆ. ಒಂದು ಚಿಟಿಕೆ ನುಂಗಿದರೆ ನೋವು ಆರುತ್ತಿತ್ತು, ಕಣ್ಣಿಗೆ ಸಣ್ಣ ಜೋಂಪು ಹತ್ತುತ್ತಿತ್ತು, ಅಷ್ಟೇ.

ತೊರೆಯ ದಡದಲ್ಲಿ ಬಾಳವ್ವ ಎಂಬ ಮದ್ದು ಕೊಡುವ ಹೆಂಗಸು ಇದ್ದಳು. ಕೈಗುಣ ಒಳ್ಳೆಯದು, ಅವಸರ ಮಾತ್ರ ತುಸು ಹೆಚ್ಚು. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಮದ್ದಿನ ಹೂ ಬಿಡುವುದು ಹೆಣ್ಣು. ಗಂಡು ಬರೀ ಹಳದಿ ಧೂಳು ಉದುರಿಸುತ್ತಿತ್ತು.

"ಉಂಡಾಡಿ ಗುಂಡ! ಸುಮ್ನ ಜಾಗ ತಿಂತಾನ," ಎಂದು ಬಾಳವ್ವ ತನ್ನ ಹೊಲದ ಗಂಡು ಗಿಡಗಳನ್ನೆಲ್ಲ ಕಿತ್ತು ಎಸೆದಳು.

ಗಾಳಿ ಬೇಡಿಕೊಂಡಿತು: "ಬ್ಯಾಡವ್ವಾ, ಆ ಧೂಳು ನಾ ಹೊತ್ತೊಯ್ದು ಹೆಣ್ಣಿಗೆ ಕೊಟ್ಟರನ ಬೀಜ ಕಟ್ಟತಾವ."

"ನೀ ನಿನ್ನ ದಾರಿ ಹಿಡಿ!" ಎಂದಳು ಬಾಳವ್ವ.

ಗಾಳಿ ಬರಿಗೈಯಲ್ಲಿ ಬಂತು, ಬರಿಗೈಯಲ್ಲಿ ಹೋಯಿತು. ಹೆಣ್ಣು ಗಿಡ ಕಾಯಿತು. ತೇಲಿ ಬರುವ ಒಂದು ಕಣವಾದರೂ ಸಿಕ್ಕಿಕೊಳ್ಳಲಿ ಎಂದು ಹೂವಿಗೆಲ್ಲ ಅಂಟು ಬಳಿದುಕೊಂಡಿತು. ಮತ್ತೆ ಕಾಯಿತು, ಮತ್ತೆ ಅಂಟು ಬಳಿದುಕೊಂಡಿತು. ದೂರದ ಕಾಡಿನ ಧೂಳು ತಾಗಿ ನಾಲ್ಕು ಬೀಜ ಕಟ್ಟಿದರೆ, ಬಾಳವ್ವ ಅಂಟು ಹೆಚ್ಚಿದ್ದ ಗಿಡವೇ ಒಳ್ಳೆಯದೆಂದು ಅದರ ಬೀಜವನ್ನೇ ಆರಿಸಿ ಬಿತ್ತುತ್ತಿದ್ದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು! ವರ್ಷ ವರ್ಷವೂ ಅಂಟು ಏರಿತು, ಅಂಟಿನೊಳಗಿನ ಅಮಲೂ ಏರಿತು.

ಒಂದು ದಿನ ಬಾಳವ್ವನ ತಂಗಿ ಸಾಂತವ್ವನಿಗೆ ಹೊಟ್ಟೆನೋವು ಬಂತು. ಬಾಳವ್ವ ತನ್ನ ಅವ್ವ ಕಲಿಸಿದ ಅಳತೆಯಂತೆ ಒಂದೇ ಚಿಟಿಕೆ ಕೊಟ್ಟಳು. ಮಲಗಿದ ಸಾಂತವ್ವ ಮೇಲೇಳಲಿಲ್ಲ. ಹೊತ್ತು ಮುಳುಗಿತು, ಹೊತ್ತು ಮೂಡಿತು. ಕರೆದರೂ ಏಳಲಿಲ್ಲ, ಅಲುಗಿಸಿದರೂ ಏಳಲಿಲ್ಲ.

ಇದ್ದೊಬ್ಬ ತಂಗಿ! ಬಾಳವ್ವನ ಎದೆ ಒಡೆದುಹೋಯಿತು. ಗಿಡದ ಬುಡಕ್ಕೆ ಓಡಿ, "ನನ್ನ ತಂಗಿಗೆ ಏನ್ ಮಾಡಿದಿ?" ಎಂದು ಅತ್ತಳು.

"ನಾ ಏನ್ ಮಾಡ್ಲೆವ್ವಾ? ಕಾದೀನಿ, ಅಷ್ಟ," ಎಂದಿತು ಗಿಡ. "ಕಾದ ವರ್ಷ ಎಲ್ಲಾ ಈ ಅಂಟಿನ್ಯಾಗ ಅದಾವ. ನಿನ್ನ ಚಿಟಿಕಿ ಹಳೇದು, ನಾ ಹಳೇ ಗಿಡ ಅಲ್ಲ."

ಬಾಳವ್ವನಿಗೆ ತನ್ನ ತಪ್ಪು ತಿಳಿಯಿತು. ಕಾಡಿಗೆ ಓಡಿ, ಒಂದು ಗಂಡು ಗಿಡವನ್ನು ಬೇರು ಸಮೇತ ತಂದು, ಹೊಲದ ನಡುವೆ ನೆಟ್ಟು ನೀರೆರೆದಳು. ಗಾಳಿ ಕುಣಿಯುತ್ತ ಬಂದು ಧೂಳು ಹೊತ್ತಿತು.

ಮನೆಗೆ ಬಂದು ಕೈ ತೊಳೆಯುತ್ತಿದ್ದ ಬಾಳವ್ವನಿಗೆ ಒಳಗಿನಿಂದ ದನಿ ಕೇಳಿತು. "ಅಕ್ಕಾ, ಹಸಿವ್ ಆಗೇತಿ. ರೊಟ್ಟಿ ಅದಾವೇನ?"

ಅಮಲು ಇಳಿದು ಸಾಂತವ್ವ ಎದ್ದು ಕೂತಿದ್ದಳು! ಬಾಳವ್ವ ಅಳುತ್ತಲೇ ನಕ್ಕಳು, ನಗುತ್ತಲೇ ರೊಟ್ಟಿ ಬಡಿದಳು.

ಅವಳ ಹೊಲದ ಭಂಗಿ ಮೆಲ್ಲಮೆಲ್ಲಗೆ ಸಾಧುವಾಯಿತು. ಆದರೆ ಈ ಸುದ್ದಿ ಎಲ್ಲ ಊರಿಗೂ ಮುಟ್ಟಲಿಲ್ಲ. ಅದಕ್ಕೇ ಮಗು, ಗಂಡು ಗಿಡ ಕಿತ್ತು ಬೆಳೆಸುವ ಕಡೆ ಭಂಗಿ ಇಂದಿಗೂ ವರ್ಷದಿಂದ ವರ್ಷಕ್ಕೆ ಕಡುವಾಗುತ್ತಲೇ ಇದೆ. ಯಾರೂ ಕೈಯಿಡದ ಪಾಳು ನೆಲದಲ್ಲಿ ಮಾತ್ರ ಅದು ಗಾಳಿಯೊಂದಿಗೆ ತಲೆದೂಗುತ್ತ, ಮೈತುಂಬ ಬೀಜ ಕಟ್ಟಿಕೊಂಡು, ಗುಬ್ಬಿಗಳನ್ನು ಕರೆದು ಉಣಿಸುತ್ತದೆ.