ಸಂಕವಿಲ್ಲದ ಊರು

ಆಸ್ಟ್ರಿಯಾ ದೇಶದ ಬೆಟ್ಟಸೀಮೆಯಲ್ಲಿ, ಹೆದ್ದಾರಿ ಬಿಟ್ಟು ಸುಣ್ಣಕಲ್ಲಿನ ಗುಡ್ಡಗಳ ಸಂದಿಗೆ ನುಗ್ಗುವ ಒಂದು ಕಿರುದಾರಿಯ ಕೊನೆಯಲ್ಲಿ ಓನ್‌ಸ್ಟೆಗ್ ಎಂಬ ಊರಿದೆ. ಒಂದು ಊರು ಎನ್ನುವುದಕ್ಕಿಂತ, ನಾಲ್ಕಾರು ಹಳ್ಳಿಗಳು ಸೇರಿದ ಸಣ್ಣ ಪಂಚಾಯಿತಿ ಎನ್ನುವುದೇ ಸರಿ. ಎಲ್ಲ ಸೇರಿ ಎಂಟುನೂರು ಜನ ಇದ್ದಾರು. ಹಿಮದ ಬೆಟ್ಟಗಳಿಂದ ಇಳಿಯುವ ಗ್ರಿಮ್ ಎಂಬ ಹೊಳೆ ಕಣಿವೆಯನ್ನು ನಟ್ಟನಡುವೆ ಸೀಳಿಕೊಂಡು ಹರಿಯುತ್ತದೆ. ಹೊಳೆಯ ಬಡಗಣ ದಡದ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆಯಾದ್ದರಿಂದ ಅದು ಬಿಸಿಲ ಮಗ್ಗುಲು. ಚರ್ಚು, ಗಿರಣಿ, ರೈ ಎಂಬ ಧಾನ್ಯ ಬೆಳೆಯುವ ಹೊಲಗಳು ಎಲ್ಲ ಅಲ್ಲಿ. ಎದುರಿನ ತೆಂಕಣ ದಡ ನೆರಳ ಮಗ್ಗುಲು. ಚಳಿಗಾಲ ಹಿಡಿದರೆ ಅಲ್ಲಿನ ಮನೆಗಳ ಮೇಲೆ ತಿಂಗಳುಗಟ್ಟಲೆ ಒಂದು ಎಳೆ ಬಿಸಿಲೂ ಬೀಳುವುದಿಲ್ಲ. ಅಲ್ಲಿಯ ಜನ ಎದುರು ದಡದ ಬೆಳಕನ್ನು ನೋಡುತ್ತಾ ಚಳಿಗಾಲ ಕಳೆಯುತ್ತಾರೆ.

ಓನ್‌ಸ್ಟೆಗ್ ಎಂದರೆ ಅಲ್ಲಿಯ ಮಾತಿನಲ್ಲಿ ಸಂಕವಿಲ್ಲದ್ದು ಎಂದರ್ಥ. ನಮ್ಮ ಕಡೆ ಹಳ್ಳ ದಾಟಲು ಮರದ ಕಾಲುಸೇತುವೆ ಹಾಕಿ ಸಂಕ ಎನ್ನುತ್ತೇವಲ್ಲ, ಅದೇ. ಈ ಕಣಿವೆಯಲ್ಲಿ ದಾದಿಯಾಗಿ ಹಲವು ವರ್ಷ ದುಡಿದವಳು ನಾನು. ಮೊದಲ ಸಲ ಬಂದಾಗ ನನಗೂ ಸೋಜಿಗವಾಗಿತ್ತು. ಹೊಳೆಗೆ ಅಡ್ಡಲಾಗಿ ಲಾರಿ ಓಡಾಡುವ ಕಾಂಕ್ರೀಟು ಸೇತುವೆ ಕಣ್ಣೆದುರಿಗೇ ಇದೆ, ಊರಿಗೆ ಮಾತ್ರ ಸಂಕವಿಲ್ಲದ ಊರೆಂದು ಹೆಸರು! ಶಾಲೆಯ ಮೇಷ್ಟ್ರು ಈ ಅರ್ಥವನ್ನು ಒಪ್ಪುವುದಿಲ್ಲ. ಈ ಹೆಸರು ಮೇಪಲ್ ಮರಕ್ಕೆ ಅವರಲ್ಲಿರುವ ಹಳೆಯ ಶಬ್ದದಿಂದ ಬಂದದ್ದು, ಜನ ಸುಮ್ಮನೆ ಕತೆ ಕಟ್ಟಿದ್ದಾರೆ ಎನ್ನುತ್ತಾರೆ. ಇರಬಹುದು. ಆದರೆ ಚರ್ಚಿನ ಕೀಲಿಕೈ ಇಟ್ಟುಕೊಂಡಿರುವ ನೋಟ್‌ಬುರ್ಗಾ ಅಜ್ಜಿಯ ಎದುರು ಈ ಮಾತೆತ್ತಿದರೆ, "ಮೇಷ್ಟ್ರು ಮರದ ಹೆಸರು ಬಲ್ಲರು, ಮರ ಕಡಿದವನ ಹೆಸರು ಅವರಿಗೆ ಗೊತ್ತಿಲ್ಲ" ಎಂದು ಆಕೆ ಕೈಬೀಸಿ ತಳ್ಳಿಹಾಕಿಬಿಡುತ್ತಾಳೆ. ಆಕೆಯಿಂದ ನಾನು ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಈಗ್ಗೆ ಮುನ್ನೂರು ವರ್ಷಕ್ಕೂ ಆಚೆ, ಬಿಸಿಲ ಮಗ್ಗುಲಲ್ಲಿ ವೈಟ್ ಎಂಬ ಬಡಗಿಯಿದ್ದನಂತೆ. ಅವನ ಹೆಂಡತಿ ಕುನಿಗುಂಡೆ. ಇಬ್ಬರಿಗೂ ಒಬ್ಬಳೇ ಮಗಳು, ಲೋನಿ. ಆ ಕಾಲದಲ್ಲಿ ಹೊಳೆ ದಾಟುವುದು ಸುಲಭವಿರಲಿಲ್ಲ. ಮೇಲ್ಗಡೆ ಕಡಿದಾದ ಕೊರಕಲು, ಕೆಳಗಡೆ ಬಂಡೆಯ ಗೋಡೆ. ಬೇಸಿಗೆಯ ಕೊನೆಗೆ, ಬೆಟ್ಟದ ಹಿಮವೆಲ್ಲ ಕರಗಿ ಮುಗಿದ ಮೇಲೆ, ಕೆಲವು ದಿನ ಮಾತ್ರ ಕಲ್ಲುಗಳು ತಲೆಯೆತ್ತಿ ಕಾಲಿಡಲು ಜಾಗವಾಗುತ್ತಿತ್ತು. ಹಾಕಿದ ಸಂಕಗಳನ್ನೆಲ್ಲ ನೆರೆ ಕೊಚ್ಚಿಕೊಂಡು ಹೋಗುತ್ತಿತ್ತು. ಲೋನಿಯ ಮನಸ್ಸು ನೆರಳ ಮಗ್ಗುಲಿನ ರುಪ್ರೆಕ್ಟ್ ಎಂಬ ಇದ್ದಿಲು ಸುಡುವವನ ಮೇಲೆ ನಿಂತಾಗ ತಾಯಿ ಕುನಿಗುಂಡೆ, "ವರ್ಷಕ್ಕೊಮ್ಮೆ ಮಗಳ ಮುಖ ನೋಡಬೇಕಾದ ಮನೆಗೆ ಕೊಡುವುದಿಲ್ಲ" ಎಂದು ಹಟ ಹಿಡಿದಳು. ವೈಟ್ ಕಾಡಿಗೆ ಹೋಗಿ ಎತ್ತರದ ಲಾರ್ಚ್ ಮರಗಳನ್ನು ತಾನೇ ಆರಿಸಿ ಕೆಡವಿಸಿದ. ಹೊಳೆಯ ನಡುವೆ ಒಂದು ಕಂಬವನ್ನೂ ನಿಲ್ಲಿಸದೆ, ದಡದಿಂದ ದಡಕ್ಕೆ ತೊಲೆಗಳನ್ನು ಒಂದಕ್ಕೊಂದು ಕಚ್ಚಿಸಿ, ಕಬ್ಬಿಣದ ಒಂದು ಮೊಳೆಯೂ ಇಲ್ಲದೆ ಬರೀ ಮರದ ಬೆಣೆಗಳಿಂದ ಬಿಗಿದು ಸಂಕ ಕಟ್ಟಿದ. ನೆರೆ ಬಂತು, ಸಂಕದ ಅಡಿಯಲ್ಲಿ ಹಾದುಹೋಯಿತು. ಆ ಸಂಕದ ಮೇಲೆಯೇ ಲೋನಿಯ ಮದುವೆಯ ದಿಬ್ಬಣ ನಡೆಯಿತು. ಅಲ್ಲಿಂದ ಮುಂದೆ ಹಿಟ್ಟು ಆಚೆಗೆ, ಇದ್ದಿಲು ಈಚೆಗೆ, ಎರಡು ದಡವೂ ಒಂದೇ ಊರಾಯಿತು. ಲೋನಿಗೆ ಒಂದು ಹೆಣ್ಣು ಮಗುವೂ ಆಯಿತು.

ಆ ಮಗು ಇನ್ನೂ ಅಂಬೆಗಾಲಿಡುತ್ತಿದ್ದ ಶರತ್ಕಾಲದಲ್ಲಿ ಕಣಿವೆಗೆ ಪ್ಲೇಗು ಬಂತು. ಮೊದಲು ಕಾಣಿಸಿಕೊಂಡಿದ್ದು ನೆರಳ ಮಗ್ಗುಲಿನ ಕಮ್ಮಾರನ ಮನೆಯಲ್ಲಿ. ಸುದ್ದಿ ಬಂದ ಮಧ್ಯಾಹ್ನವೇ ಬಿಸಿಲ ಮಗ್ಗುಲಿನವರು ಗಿರಣಿಯ ಅಂಗಳದಲ್ಲಿ ಸೇರಿದರು. ಊರಿನ ಮುಖ್ಯಸ್ಥ ಲಾಂಬರ್ಟ್ ಎಂಬವನು ಕೆಟ್ಟವನಲ್ಲ. ಅವನಿಗೂ ಬೆಳೆದ ಗಂಡುಮಕ್ಕಳು, ಮೊಮ್ಮಕ್ಕಳು ಇದ್ದರು. ಸಂಕವನ್ನು ತೆಗೆದುಬಿಡಬೇಕೆಂದು ಸಭೆ ತೀರ್ಮಾನಿಸಿತು. ಬೆಂಕಿ ಇಟ್ಟರೆ ಗಿರಣಿಗೆ ಹತ್ತುವ ಭಯ. ತಿಳಿಯದವರು ಕೊಡಲಿ ಹಾಕಿದರೆ ಕಚ್ಚಿಕೊಂಡ ತೊಲೆಗಳು ಸಿಡಿದು ಆಳನ್ನೇ ಎತ್ತಿ ಹೊಳೆಗೆ ಎಸೆಯುವ ಭಯ. ಎಲ್ಲರ ಕಣ್ಣೂ ವೈಟನ ಮೇಲೆ ತಿರುಗಿತು.

"ಯಜಮಾನರೇ, ಮಗಳನ್ನೂ ಮೊಮ್ಮಗಳನ್ನೂ ಈಚೆಗೆ ಕರೆತಂದುಬಿಡುತ್ತೇನೆ. ಆಮೇಲೆ ನಾನೇ ಬಿಚ್ಚುತ್ತೇನೆ" ಎಂದು ವೈಟ್ ಕೈಮುಗಿದ.

"ನಿನ್ನ ಮಗಳನ್ನು ಬಿಟ್ಟರೆ ನಾಳೆ ಇನ್ನೊಬ್ಬನ ತಂಗಿ ಬರುತ್ತಾಳೆ, ಮತ್ತೊಬ್ಬನ ಅಳಿಯ ಬರುತ್ತಾನೆ. ಯಾರ ಮೈಯಲ್ಲಿ ಏನಿದೆಯೆಂದು ನನಗೆ ಗೊತ್ತೇ, ನಿನಗೆ ಗೊತ್ತೇ?" ಎಂದ ಲಾಂಬರ್ಟ್. ಮತ್ತೆ, "ನೀನು ಆಚೆ ಹೋಗುವುದಾದರೆ ತಡೆಯುವುದಿಲ್ಲ ವೈಟ್. ಆದರೆ ಹೋದವನು ಮತ್ತೆ ಈಚೆ ಬರಕೂಡದು" ಎಂದ.

ವೈಟ್ ಹೆಂಡತಿಯ ಕಡೆ ನೋಡಿದ. ಕುನಿಗುಂಡೆಗೆ ಆಗಲೇ ಮೊಣಕಾಲಿನ ನೋವು. ಗೋಡೆ ಹಿಡಿದು ನಡೆಯುತ್ತಿದ್ದಳು. ಆಕೆ ಮುಖಕ್ಕೆ ಸೆರಗಿನಂತೆ ತಲೆವಸ್ತ್ರವನ್ನು ಎಳೆದುಕೊಂಡು ನಿಂತಳು. ಅವನು ಉಳಿಯ ಚೀಲ ತೆಗೆದುಕೊಂಡು ಸಂಕದ ಕಡೆ ನಡೆದ.

ಹಲಗೆಗಳನ್ನೆಲ್ಲ ಎತ್ತಿ, ಎರಡು ತೊಲೆ ಮಾತ್ರ ಉಳಿದಿದ್ದಾಗ ಆಚೆ ದಡಕ್ಕೆ ಲೋನಿ ಓಡಿಬಂದಳು. ಕಂಕುಳಲ್ಲಿ ಮಗು. "ಅಪ್ಪಾ, ನಾನು ಬರುವುದಿಲ್ಲ. ಮಗುವನ್ನಾದರೂ ತೆಗೆದುಕೊ. ಇದಕ್ಕೆ ಏನೂ ಆಗಿಲ್ಲ, ನೋಡು" ಎಂದು ಮಗುವಿನ ಅಂಗಿ ಸರಿಸಿ ಎದೆ, ಬೆನ್ನು ತೋರಿಸಿದಳು. ವೈಟ್ ತೊಲೆಯ ಮೇಲೆ ಕಾಲಿಟ್ಟು ನಡುಹೊಳೆಯವರೆಗೂ ನಡೆದ. ಹಿಂದೆ ದಡದಲ್ಲಿ ಕೋವಿ ಹಿಡಿದವರು ನಿಂತಿದ್ದರು. ಅವರೆಲ್ಲ ಅವನ ಜೊತೆ ಒಂದೇ ಬಟ್ಟಲಲ್ಲಿ ಕುಡಿದವರು. ಒಬ್ಬನ ಕೈಯಂತೂ ಗಡಗಡ ನಡುಗುತ್ತಿತ್ತಂತೆ. ಅದನ್ನು ಕಂಡದ್ದು ವೈಟ್ ಅಲ್ಲ, ಎದುರಿಗಿದ್ದ ಲೋನಿ. ಹೆದರಿದವನ ಕೈಯಲ್ಲಿರುವ ಕೋವಿ ಯಾವಾಗ ಸಿಡಿಯುತ್ತದೋ ಯಾರು ಬಲ್ಲರು? ಅವಳು ಮಗುವನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಬೇಡ ಅಪ್ಪ, ತಿರುಗು. ಅಮ್ಮ ಒಬ್ಬಳೇ ಆಗುತ್ತಾಳೆ" ಎಂದಳು. ವೈಟ್ ತಿರುಗಿದ. ತಾನೇ ಹೊಡೆದಿದ್ದ ಬೆಣೆಗಳನ್ನು ತಾನೇ ಒಂದೊಂದಾಗಿ ಕಳಚಿದ. ಸಂಕ ಸದ್ದಿಲ್ಲದೆ, ಒಂದು ಸಿಬಿರೂ ಏಳದೆ, ಕಳಚಿಕೊಂಡು ಹೊಳೆಯ ಪಾಲಾಯಿತು.

ಆ ಚಳಿಗಾಲ ನೆರಳ ಮಗ್ಗುಲಿನವರಿಗೆ ಹಿಟ್ಟಿರಲಿಲ್ಲ. ಟರ್ನಿಪ್ ಗಡ್ಡೆ, ಮೇಕೆಯ ಹಾಲು ಅಷ್ಟೇ. ವೈಟ್ ಒಮ್ಮೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಆಚೆಗೆ ಎಸೆದು, ಹಗ್ಗದಲ್ಲಿ ಹಿಟ್ಟಿನ ಚೀಲ ದಾಟಿಸಲು ನೋಡಿದ. ರುಪ್ರೆಕ್ಟ್ ಆ ಕಡೆಯಿಂದ ಎಳೆದ. ಚೀಲ ನಡುನೀರಿನಲ್ಲಿ ಬಂಡೆಗೆ ಸಿಕ್ಕಿ ಬಿರಿಯಿತು. ಒಂದಷ್ಟು ದೂರ ಹೊಳೆ ಬೆಳ್ಳಗೆ ಹರಿದದ್ದನ್ನು ಎರಡು ದಡದವರೂ ನೋಡುತ್ತಾ ನಿಂತರು. ಮಾರನೆಯ ದಿನದಿಂದ ಹಗ್ಗ ಎಸೆಯುವುದನ್ನೂ ಕಾವಲಿನವರು ನಿಲ್ಲಿಸಿದರು. ಹಗ್ಗದ ಮೇಲೆ ರೋಗ ಬಂದೀತು ಎಂದು ಅವರ ಅಂಜಿಕೆ. ಆದರೆ ಆಚೆ ದಡದಲ್ಲಿ ಪ್ಲೇಗು ಕಮ್ಮಾರನ ಮನೆಯನ್ನು ಬರಿದು ಮಾಡಿ ಅಲ್ಲಿಗೇ ನಿಂತುಹೋಯಿತು. ಯಾಕೆ ನಿಂತಿತು ಎಂಬುದು ಯಾರಿಗೂ ತಿಳಿಯದು. ಕೊರೆಯುವ ಚಳಿಗೆ ಎನ್ನುವವರುಂಟು, ದೇವರ ದಯೆ ಎನ್ನುವವರೂ ಉಂಟು.

ವಸಂತ ಬಂತು. ಸಂಕವನ್ನು ತೆಗೆಯಬಹುದು, ಉಪ್ಪಿನ ದಾರಿಯನ್ನು ಮುಚ್ಚುವುದು ಹೇಗೆ? ಕಣಿವೆಯ ಬಾಯಿಂದ ಬಿಸಿಲ ಮಗ್ಗುಲಿಗೆ ಬರುವ ಗಾಡಿದಾರಿಯಲ್ಲಿ ಎಂದಿನಂತೆ ಉಪ್ಪಿನ ಗಾಡಿ ಬಂತು. ಗಾಡಿಯವನು ಗಿರಣಿಯಲ್ಲಿ ಊಟ ಮಾಡಿ, ಮೈ ಬಿಸಿಯಾಗಿದೆ ಎಂದು ಹುಲ್ಲಿನ ಮೇಲೆ ಮಲಗಿದವನು ಏಳಲಿಲ್ಲ. ಬೇಸಿಗೆಯ ಬಿತ್ತನೆ ಮುಗಿಯುವುದರೊಳಗೆ ಬಿಸಿಲ ಮಗ್ಗುಲಿನಲ್ಲಿ ಬಾಗಿಲು ತೆರೆಯುವ ಮನೆಗಳು ಬೆರಳೆಣಿಕೆಯಷ್ಟಾದವು. ಲಾಂಬರ್ಟನ ಗಂಡುಮಕ್ಕಳು ಹೋದರು, ಮೊಮ್ಮಕ್ಕಳು ಹೋದರು. ಕುನಿಗುಂಡೆ ಹೋದಳು.

ಚರ್ಚಿನ ಅಂಗಳ ದಡದ ಮೇಲೇ ಇರುವುದರಿಂದ ಆಚೆಯವರಿಗೆ ಎಲ್ಲವೂ ಕಾಣುತ್ತಿತ್ತು. ತಂದೆ ಒಬ್ಬನೇ ಗುಂಡಿ ತೋಡುತ್ತಿರುವುದನ್ನು ಕಂಡು ಲೋನಿ ನೀರಿನ ಅಂಚಿಗೆ ಬಂದು, "ಅಪ್ಪಾ, ಯಾರಿಗೆ?" ಎಂದು ಕೂಗಿದಳು. ಹಿಮ ಕರಗಿದ ನೀರು ಭೋರ್ಗರೆಯುತ್ತಿತ್ತು, ಮಾತು ದಾಟಲಿಲ್ಲ. ಆದರೂ ಮಗಳ ಪ್ರಶ್ನೆ ಏನೆಂದು ಅವನಿಗೆ ತಿಳಿಯದೆ ಇರುತ್ತದೆಯೇ? ಅವನು ಹಾರೆ ಕೆಳಗಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೆಂಡತಿಯ ನೀಲಿ ತಲೆವಸ್ತ್ರವನ್ನು ಬಿಡಿಸಿ ಎರಡು ಕೈಯಲ್ಲೂ ಎತ್ತಿ ಹಿಡಿದ. ಲೋನಿ ನಿಂತಲ್ಲೇ ಕುಸಿದು ಕುಳಿತಳು. ತಾಯಿಯ ಮೇಲೆ ಒಂದು ಹಿಡಿ ಮಣ್ಣು ಹಾಕಲು ಅವಳಿಗೆ ದಾರಿಯಿರಲಿಲ್ಲ. ಗೋಳಾಡುವ ಮಗಳ ತಲೆ ಸವರಲು ಅವನಿಗೂ ಇರಲಿಲ್ಲ.

ಮರುದಿನದಿಂದ ವೈಟ್ ಹೊಳೆಯ ದಡದಲ್ಲಿ ಒಂದು ಲಾರ್ಚ್ ಮರವನ್ನು ಕೆತ್ತತೊಡಗಿದ. ಬೇಡವೆನ್ನಲು ಈಗ ಕಾವಲಿನವರು ಉಳಿದಿರಲಿಲ್ಲ. ಲಾಂಬರ್ಟ್ ಬಂದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮರದ ಇನ್ನೊಂದು ತುದಿಗೆ ಕೂತು ತೊಗಟೆ ಸುಲಿಯಲು ಹಿಡಿದ. ಇಬ್ಬರು ಮುದುಕರು, ಒಂದು ಮರ. ಹಿಂದೆ ಆ ತೊಲೆಗಳನ್ನು ಎತ್ತಿ ಕೂರಿಸಿದ್ದು ಇಡೀ ಊರಿನ ಗಂಡಾಳುಗಳು. ಆದರೂ ಈ ಇಬ್ಬರೇ ತೊಲೆಗೆ ಕಟ್ಟಿದ ಹಗ್ಗವನ್ನು ಆಚೆಗೆ ಎಸೆದರು, ರುಪ್ರೆಕ್ಟ್ ಅಲ್ಲಿನವರನ್ನು ಕೂಡಿಸಿ ಎಳೆದ. ತೊಲೆ ಅರ್ಧ ಹೊಳೆಯವರೆಗೂ ಚಾಚಿತು. ಈಚೆಯ ತುದಿಯನ್ನು ಒತ್ತಿ ಹಿಡಿಯಲು ಇಬ್ಬರ ತೂಕ ಸಾಲಲಿಲ್ಲ. ಅದು ತಲೆಕೆಳಗಾಗಿ ನೀರಿಗೆ ಬಿದ್ದು, ಎರಡು ಸಲ ಹೊರಳಿ, ಬಂಡೆಯ ತಿರುವಿನಲ್ಲಿ ಮರೆಯಾಯಿತು.

"ಇನ್ನೊಂದು ಮರ ಕಡಿಯೋಣ" ಎಂದ ಲಾಂಬರ್ಟ್.

"ಕಡಿಯೋಣ" ಎಂದು ವೈಟ್ ಹಳೆಯ ಸಂಕದ ಬುಡದ ಕಲ್ಲಿಗೆ ಒರಗಿ ಕುಳಿತ. ಅವನ ಮೈ ಜ್ವರದಿಂದ ಸುಡುತ್ತಿತ್ತು. ಆಚೆಯಿಂದ ಲೋನಿ ಮಗುವನ್ನು ಎತ್ತಿ ತೋರಿಸಿದಳು. ಮಗು ಆಗ ನಡೆಯಲು ಕಲಿತಿತ್ತು. ಅದನ್ನು ಕೆಳಗಿಳಿಸಿ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಿದಳು. ವೈಟ್ ಕೈಯೆತ್ತಿದ. ಸಂಜೆಯವರೆಗೂ ಅವಳು ಮಗುವನ್ನು ನಡೆಸುತ್ತಲೇ ಇದ್ದಳು, ಅವನು ನೋಡುತ್ತಲೇ ಇದ್ದ ಎನ್ನುತ್ತಾರೆ. ಯಾವ ಗಳಿಗೆಯಿಂದ ಅವನು ನೋಡುವುದನ್ನು ನಿಲ್ಲಿಸಿದನೋ ಅವಳಿಗೆ ತಿಳಿಯಲಿಲ್ಲ. ಲಾಂಬರ್ಟ್ ಬಂದು ಅವನ ಕಣ್ಣು ಮುಚ್ಚಿ, ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡಿದ.

ಬೇಸಿಗೆಯ ಕೊನೆಗೆ ನೀರು ಇಳಿದು ಕಲ್ಲುಗಳು ಕಾಣಿಸಿಕೊಂಡವು. ಲೋನಿ ಮಗುವನ್ನು ಗಂಡನ ಹೆಗಲ ಮೇಲೆ ಕೂರಿಸಿ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ತವರಿನ ದಡಕ್ಕೆ ಬಂದಳು. ತಂದೆತಾಯಿಯರ ಎರಡು ಮಣ್ಣಿನ ಗುಡ್ಡೆಗಳ ಮೇಲೂ ಹುಲ್ಲು ಬಂದಿತ್ತು. ಹಿಂದೆ ಬಂದು ನಿಂತ ಲಾಂಬರ್ಟನನ್ನು ಕಂಡಳು. ಅವನ ಬೆನ್ನು ಬಾಗಿತ್ತು. "ತಾಯಿ, ನನ್ನ ಹೊಲವನ್ನಾದರೂ ಮಾರಿ ಪಟ್ಟಣದಿಂದ ಆಳು ತರಿಸುತ್ತೇನೆ. ಮೊದಲಿನ ಹಾಗೆಯೇ ಸಂಕ ಕಟ್ಟಿಸಿಕೊಡುತ್ತೇನೆ" ಎಂದು ಅವನು ಅವಳ ಮುಂದೆ ಕೈಯೊಡ್ಡಿದ.

ಅವಳು ಬೈಯುತ್ತಾಳೆಂದು ಅವನು ಕಾದಿದ್ದನಂತೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಲೋನಿ ಮುಚ್ಚಿದ ಬಾಗಿಲುಗಳನ್ನು ಒಂದು ಸಲ ನೋಡಿ, "ಯಾರ ಮನೆಗೆ ಬರಲು, ಯಜಮಾನರೇ?" ಎಂದಳು. ಅಷ್ಟೇ. ನೀರು ಏರುವ ಮೊದಲೇ ಅವರು ದಾಟಿ ಹಿಂದಿರುಗಿದರು.

ಅಲ್ಲಿಂದ ತಲೆಮಾರುಗಳ ಕಾಲ ಗ್ರಿಮ್ ಹೊಳೆಗೆ ಯಾರೂ ಸಂಕ ಹಾಕಲಿಲ್ಲ. ನೆರಳ ಮಗ್ಗುಲಿನವರು ಮದುವೆಗೂ ಮಣ್ಣಿಗೂ ಗುಡ್ಡ ಹತ್ತಿ ಇಳಿದು ಬೇರೆ ಊರಿನ ಚರ್ಚಿಗೆ ಹೋಗುತ್ತಿದ್ದರು. ಉಪ್ಪಿನ ಗಾಡಿಯವರು, ಯಾವ ಊರಿಗೆ ಪಯಣ ಎಂದು ಯಾರಾದರೂ ಕೇಳಿದರೆ, ಸಂಕವಿಲ್ಲದ ಊರಿಗೆ ಎನ್ನುತ್ತಿದ್ದರು. ಅದೇ ನಿಂತಿತು. ಅದಕ್ಕೂ ಹಿಂದೆ ಊರಿಗೆ ಇದ್ದ ಹೆಸರೇನೆಂದು ಈಗ ಹೇಳುವವರಿಲ್ಲ.

ಇಂದು ಹೋದವರಿಗೆ ಚರ್ಚಿನ ಅಂಗಳದ ಅಂಚಿನಲ್ಲಿ ಹೆಸರಿಲ್ಲದ ಸಮಾಧಿಗಳ ಒಂದು ಸಾಲು ಕಾಣಿಸುತ್ತದೆ. ಕಲ್ಲುಗಳು ಪಾಚಿಗಟ್ಟಿ ಹೊಳೆಯ ಕಡೆಗೆ ವಾಲಿವೆ. ನವೆಂಬರಿನ ಮೊದಲಲ್ಲಿ ಸತ್ತವರನ್ನು ನೆನೆಯುವ ಹಬ್ಬ ಬರುತ್ತದೆ. ಅಂದು ನೆರಳ ಮಗ್ಗುಲಿನ ಮನೆಗಳವರು ದೀಪ ಹಿಡಿದು ಬರುತ್ತಾರೆ. ಸೇತುವೆ ಹಿಡಿದರೆ ಚರ್ಚು ಕೂಗಳತೆಯ ದೂರ. ಅವರು ದಾಟುವುದಿಲ್ಲ, ತಮ್ಮ ದಡದಲ್ಲೇ ನೀರಿನ ಅಂಚಿಗೆ ದೀಪಗಳನ್ನಿಟ್ಟು ಸಮಾಧಿಗಳ ಕಡೆ ಮುಖ ಮಾಡಿ ನಿಲ್ಲುತ್ತಾರೆ. ನಾನೊಮ್ಮೆ ಅವರ ನಡುವೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ ತನ್ನ ಚಿಕ್ಕ ಮಗುವನ್ನು ಕಂಕುಳಿಂದ ಇಳಿಸಿ, ಎರಡು ಕೈ ಹಿಡಿದು, ಒದ್ದೆ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಿದಳು. ಯಾರಿಗೆ ತೋರಿಸುತ್ತಿದ್ದೀಯಮ್ಮ ಎಂದು ನಾನು ಕೇಳಲಿಲ್ಲ.