ನಾಲ್ಕು ಕೈಗಳ ಬಾಗಿಲು

"ನಮ್ಮ ಕೇರಿಯ ನೀರು ಹೊರಗೆ ಹೋಗುವ ಮೋರಿಗೆ ಅಡ್ಡಲಾಗಿ ನಗರದವರು ಗೋಡೆ ಕಟ್ಟಿದರು. ಹೋದ ಮಳೆಗಾಲದಲ್ಲಿ ಮೂರು ಜನ ಮುಳುಗಿ ಸತ್ತರು. ಕಟ್ಟಿದ್ದು ನಾವಲ್ಲ ಎಂದು ಒಂದು ಕಚೇರಿ ಹೇಳುತ್ತದೆ. ಕೆಡವುವುದು ನಮ್ಮ ಕೆಲಸವಲ್ಲ ಎಂದು ಇನ್ನೊಂದು ಹೇಳುತ್ತದೆ. ಈ ಅರ್ಜಿಯ ಮೇಲೆ ಇನ್ನೊಂದು ಮುದ್ರೆ ಒತ್ತಲು ಜಾಗವಿಲ್ಲ. ಇದನ್ನು ಈಗ ಯಾರಿಗೆ ಕೊಡಲಿ, ಗುರುಗಳೇ?"

ಕೇಳಿದವನು ಕಲ್ಲು ಒಡೆಯುವ ಕೆಲಸದವನು. ಮೂರು ವರ್ಷದಿಂದ, ಬಿಡುವಾದಾಗಲೆಲ್ಲ ಬಂದು ಗುರುವಿನ ಮರದ ಕೆಳಗೆ ಕೂರುತ್ತಿದ್ದ. ಆ ದಿನ ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಗುರು ಅರ್ಜಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಕೋಟೆಯ ಊರು. ಊರಿನ ತಗ್ಗಿನಲ್ಲಿ ಕೈಕೆಲಸದವರ ಕೇರಿ. ಮಳೆ ಬಂದರೆ ಊರಿನ ನೀರೆಲ್ಲ ಅಲ್ಲಿಗೇ ಇಳಿಯುತ್ತಿತ್ತು. ಅದು ಹೊರಗೆ ಹೋಗಲು ಕೋಟೆಯ ಗೋಡೆಯಲ್ಲಿ ಒಂದು ಕಂಡಿ. ಕಂಡಿಗೆ ಒಂದು ಮರದ ಬಾಗಿಲು.

ಹಿಂದೆ ಆ ಬಾಗಿಲು ಒಬ್ಬನೇ ಅಧಿಕಾರಿಯ ವಶದಲ್ಲಿತ್ತು. ಅವನಿಗೆ ಕೇರಿಯವರ ಮೇಲೆ ಕೋಪ ಬಂತು. ಒಂದು ಮಳೆಗೆ ಅವನು ಬಾಗಿಲು ತೆಗೆಯಲಿಲ್ಲ. ಕೇರಿ ಮುಳುಗಿತು. ಇನ್ನೆಂದೂ ಹೀಗೆ ಆಗಬಾರದು ಎಂದು ಊರ ಹಿರಿಯರು ಕೂತು ಕಟ್ಟಳೆ ಬರೆದರು. ಬಾಗಿಲು ಕೋಟೆ ಇಲಾಖೆಗೆ. ಬೀಗದ ಕೈ ಉಗ್ರಾಣಕ್ಕೆ. ನೀರು ಎಷ್ಟಿದೆ ಎಂದು ಅಳೆಯುವುದು ನೀರಿನ ಇಲಾಖೆಗೆ. ತೆಗೆಯಿರಿ ಎಂದು ಅಪ್ಪಣೆ ಕೊಡುವುದು ನಗರಸಭೆಗೆ. ಒಬ್ಬನ ಕೋಪಕ್ಕೆ ಊರು ಸಿಕ್ಕಬಾರದೆಂದು ಅಧಿಕಾರವನ್ನು ನಾಲ್ಕು ಭಾಗ ಮಾಡಿ ಹಂಚಿದರು. ಅವರು ಕೆಟ್ಟವರಲ್ಲ. ಇದನ್ನು ನೆನಪಿಟ್ಟುಕೋ.

ಬರೆದದ್ದನ್ನು ಕಲ್ಲಿನಲ್ಲಿ ಕೆತ್ತಿಸಿ ಆ ಬಾಗಿಲಿನ ಪಕ್ಕದಲ್ಲೇ ನೆಟ್ಟರು. ವರ್ಷಕ್ಕೊಮ್ಮೆ ಕಲ್ಲಿಗೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಹಾರ ಹಾಕುತ್ತಿದ್ದರು. ಮೊಮ್ಮಕ್ಕಳ ಕಾಲಕ್ಕೆ ದಾರಿಯ ಮಣ್ಣು ಏರಿ ಕಲ್ಲಿನ ಬುಡ ಹೂತುಹೋಯಿತು. ಪೂಜೆ ನಿಲ್ಲಲಿಲ್ಲ. ಓದುವುದು ನಿಂತಿತು.

ಆ ಕೇರಿಯಲ್ಲಿ ಒಬ್ಬ ಬಡಗಿ. ಹಳೆಯ ಬಾಗಿಲು ಕೊಳೆತಾಗ ಹೊಸದನ್ನು ಮಾಡಿಕೊಟ್ಟವನು ಅವನೇ. ಅವನಿಗೆ ಒಬ್ಬಳು ಅಕ್ಕ. ಚಿಕ್ಕಂದಿನಿಂದ ಅವಳ ಕಾಲುಗಳಿಗೆ ಶಕ್ತಿ ಇರಲಿಲ್ಲ. ತಾಯಿ ಸತ್ತ ಮೇಲೆ ಕೂತಲ್ಲೇ ಕೂತು ತಮ್ಮನನ್ನು ಸಾಕಿದಳು. ಅವನು ಮರದ ಕುದುರೆಗಳನ್ನು ಕೆತ್ತುತ್ತಿದ್ದ. ಅವಳು ಅವಕ್ಕೆ ಅರಗಿನ ಬಣ್ಣ ಹಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಮಳೆ ಹಿಡಿಯಿತು. ಹೊತ್ತೇರುವಷ್ಟರಲ್ಲಿ ನೀರು ಹೊಸ್ತಿಲು ದಾಟಿತು.

"ಆ ಬಾಗಿಲು ಮಾಡಿದವನು ನೀನೇ ಅಲ್ಲವೇನೋ? ಹೋಗಿ ತೆಗೆದು ಬಾ" ಎಂದಳು ಅಕ್ಕ.

"ಮಾಡಿದವನು ನಾನು ಅಕ್ಕಾ. ತೆಗೆಯುವವರು ಬೇರೆ ಇದ್ದಾರೆ."

"ಹಾಗಾದರೆ ಆ ದೊಡ್ಡವರನ್ನೇ ಕರೆದುಕೊಂಡು ಬಾ. ನಿಧಾನಕ್ಕೇ ಬಾ, ನಾನೇನು ಎಲ್ಲಿಗೂ ಓಡಿಹೋಗುವವಳಲ್ಲ" ಎಂದು ನಕ್ಕಳು.

ಅವನು ಅವಳನ್ನು ಎತ್ತಿ ಅಟ್ಟದ ಮೇಲೆ ಕೂರಿಸಿದ. ಕುದುರೆಗಳನ್ನೂ ಬಣ್ಣವನ್ನೂ ಅವಳ ಪಕ್ಕದಲ್ಲಿಟ್ಟ. ಅಟ್ಟದವರೆಗೆ ನೀರು ಏರಿದ್ದನ್ನು ಕೇರಿಯಲ್ಲಿ ಬದುಕಿದ್ದವರು ಯಾರೂ ಕಂಡಿರಲಿಲ್ಲ. ಮರ ಕೆತ್ತುವ ಬಾಚಿಯನ್ನು ಎಂದಿನಂತೆ ಹೆಗಲಿಗೆ ಏರಿಸಿಕೊಂಡು ಹೊರಟ.

ಬಾಗಿಲು ದಾರಿಯಲ್ಲೇ ಇತ್ತು. ಬಡಗಿ ಒಂದು ಗಳಿಗೆ ನಿಂತು ನೋಡಿದ. ಅದರ ಒಂದೊಂದು ಹಲಗೆಯೂ ಅವನಿಗೆ ಗೊತ್ತು. ಮೇಲಿನ ಎಡ ಮೂಲೆಯ ಬೆಣೆ ಹಾರಿದರೆ ಆ ಬಾಗಿಲು ನಿಲ್ಲುವುದಿಲ್ಲ. ಮೂರು ಏಟು ಸಾಕು. ಆದರೆ ಪಕ್ಕದಲ್ಲಿ ಕಟ್ಟಳೆಯ ಕಲ್ಲು ಹಾರ ಹಾಕಿಕೊಂಡು ನಿಂತಿತ್ತು. ಅವನು ಕಲ್ಲಿಗೆ ಕೈಮುಗಿದು ಮುಂದೆ ಹೋದ.

ಕೋಟೆ ಇಲಾಖೆಯ ಅಧಿಕಾರಿ ಒಳ್ಳೆಯ ಮಾತಿನವನು. "ಬಾಗಿಲು ನಮ್ಮದೇ ಆಚಾರಿ, ನಿನ್ನ ಹತ್ತಿರ ಸುಳ್ಳು ಯಾಕೆ? ಮೊನ್ನೆ ತಾನೇ ಬಣ್ಣ ಹೊಡೆಸಿದ್ದೇವೆ. ಬೀಗದ ಕೈ ಮಾತ್ರ ನಮ್ಮ ಹತ್ತಿರ ಇಲ್ಲ."

ಉಗ್ರಾಣದವನು ಬೀಗದ ಕೈಯನ್ನು ಮೊಳೆಯಿಂದ ಬಿಡಿಸಿ ಕಣ್ಣ ಮುಂದೆ ಹಿಡಿದ. "ನೋಡು, ತುಕ್ಕಿನ ಒಂದು ಚುಕ್ಕೆ ಇದೆಯೇ? ಹಾಗೆ ಕಾಪಾಡಿದ್ದೇನೆ. ಸಭೆಯ ಅಪ್ಪಣೆ ತಾ, ಈ ಕ್ಷಣ ಕೊಡುತ್ತೇನೆ" ಎಂದು ಮತ್ತೆ ಮೊಳೆಗೆ ತೂಗುಹಾಕಿದ.

ನಗರಸಭೆಯ ಗುಮಾಸ್ತ ತಲೆ ಎತ್ತದೆ ಹೇಳಿದ. "ನೀರಿನ ಇಲಾಖೆಯ ಅಳತೆ ಬಾರದೆ ಸಭೆ ಅಪ್ಪಣೆ ಕೊಡುವಂತಿಲ್ಲ. ಕಟ್ಟಳೆ ಓದಿಲ್ಲವೇ?" ಅವನೂ ಓದಿರಲಿಲ್ಲ.

ಬಡಗಿ ಕೇರಿಯ ಅಂಚಿನ ನೀರನ್ನು ಹಾಯ್ದು ನೀರಿನ ಇಲಾಖೆಗೆ ಬಂದಾಗ ಅಲ್ಲಿ ಒಬ್ಬ ಮುದುಕ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಿದ್ದ. ಅಳತೆಗಾರ ಮಳೆ ನಿಂತ ಮೇಲೆ ಬರುತ್ತಾನೆ ಎಂದ.

"ಮಳೆ ನಿಂತ ಮೇಲೆ ಏನನ್ನು ಅಳೆಯುತ್ತೀರಿ, ಸ್ವಾಮಿ? ನನ್ನ ಮೈ ನೋಡಿ. ನೀರು ಇಲ್ಲಿವರೆಗೆ ಬಂದಿದೆ" ಎಂದು ಬಡಗಿ ತನ್ನ ಎದೆ ಮುಟ್ಟಿ ತೋರಿಸಿದ.

"ಅದು ನಿನ್ನ ಮೈಯ ಅಳತೆ. ನಮಗೆ ಬೇಕಾದದ್ದು ಕೋಲಿನ ಅಳತೆ."

ಬಡಗಿ ಅಳತೆಗಾರನನ್ನು ಅವನ ಮನೆಯಿಂದ ಎಳೆದು ತಂದ. ಕೋಲು ಹಿಡಿದು ಅಳೆಸಿದ. ಅಳತೆಯ ಚೀಟಿಯನ್ನು ಎದೆಗೆ ಅವಚಿಕೊಂಡು ಸಭೆಗೆ ಓಡಿದ. ಮೇಲಿನ ಬೀದಿಯ ಸದಸ್ಯರ ಕಾಲು ಹಿಡಿದ. ಅವರು ಕೊಡೆ ಹಿಡಿದು, ಕೊಚ್ಚೆ ತಪ್ಪಿಸಿ, ಒಬ್ಬೊಬ್ಬರಾಗಿ ಬಂದು ಕೂತರು. ಯಾರೂ ಬೇಡ ಎನ್ನಲಿಲ್ಲ. ಒಮ್ಮತದಿಂದ ಅಪ್ಪಣೆ ಕೊಟ್ಟರು. ಉಗ್ರಾಣದವನು ಬೀಗದ ಕೈ ತಂದ. ಕೋಟೆಯವನು ಆಳುಗಳನ್ನು ಕರೆತಂದ. ಹೊತ್ತು ಮುಳುಗುವ ಮೊದಲೇ ಬಾಗಿಲು ತೆರೆಯಿತು.

ಬಾಗಿಲಿನಿಂದ ಮೊದಲು ಹೊರಗೆ ಹೋದದ್ದು ಮರದ ಕುದುರೆಗಳು. ಒಂದರ ಹಿಂದೆ ಒಂದು, ಕೆಂಪು, ಹಳದಿ. ಕೊನೆಯದಕ್ಕೆ ಅರ್ಧ ಮೈಗೆ ಮಾತ್ರ ಬಣ್ಣವಿತ್ತು.

ಬಡಗಿ ಅದನ್ನು ನೋಡಿದ. ಯಾರೂ ಅವನಿಗೆ ಏನನ್ನೂ ಹೇಳಬೇಕಾಗಲಿಲ್ಲ.

ಆ ದಿನ ಕೇರಿಯಲ್ಲಿ ಸತ್ತವರು ಹದಿನೇಳು ಜನ. ವಿಚಾರಣೆ ನಡೆಯಿತು. ನಾಲ್ಕೂ ಇಲಾಖೆಯವರು ಕಟ್ಟಳೆ ಹೇಳಿದಂತೆಯೇ ನಡೆದಿದ್ದರು. ಯಾರದೂ ತಪ್ಪಿಲ್ಲ ಎಂದು ಬರೆದರು. ಸತ್ತವರಿಗಾಗಿ ಸಭೆ ಎದ್ದು ನಿಂತಿತು. ಕೂತ ಮೇಲೆ ಆಪತ್ತಿನ ಇಲಾಖೆ ಎಂದು ಐದನೆಯದೊಂದನ್ನು ಹುಟ್ಟುಹಾಕಿತು. ಬಾಗಿಲು ತೆಗೆಯಲು ಇನ್ನು ಮುಂದೆ ಅದರ ಒಪ್ಪಿಗೆಯೂ ಬೇಕು.

ಬಡಗಿ ಅಕ್ಕನನ್ನು ಮಣ್ಣು ಮಾಡಿ ಆ ದಾರಿಯಲ್ಲೇ ಬಂದ. ನೀರಿನ ಸೆಳೆತಕ್ಕೆ ಕಲ್ಲಿನ ಬುಡದ ಮಣ್ಣು ಕೊಚ್ಚಿಹೋಗಿತ್ತು. ಹಾರ ಹೋಗಿತ್ತು, ಕುಂಕುಮ ಹೋಗಿತ್ತು. ಎಷ್ಟೋ ವರ್ಷಗಳಿಂದ ಹೂತಿದ್ದ ಕೊನೆಯ ಸಾಲು ಹೊರಗೆ ಬಂದಿತ್ತು. ಅವನು ಮೊಣಕಾಲೂರಿ, ಬೆರಳಿನಿಂದ ಕೆಸರು ಒರೆಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಜೀವ ಹೋಗುವ ಹೊತ್ತಿನಲ್ಲಿ ಈ ಬಾಗಿಲು ಹತ್ತಿರ ಇದ್ದವನದು."

ಗುರು ಕತೆ ನಿಲ್ಲಿಸಿದರು.

"ಅಯ್ಯೋ! ಆ ಸಾಲು ಮೊದಲೇ ಕಂಡಿದ್ದರೆ ಅವನು ಬಾಗಿಲು ಒಡೆಯುತ್ತಿದ್ದ" ಎಂದ ಶಿಷ್ಯ.

"ಸಾಲು ಮಣ್ಣಿನಡಿ ಇತ್ತು. ಬಾಚಿ ಎಲ್ಲಿತ್ತು?"

ಶಿಷ್ಯನ ಕೈಯಲ್ಲಿದ್ದ ಅರ್ಜಿಯ ಮೇಲೆ ಮೊದಲ ಹನಿ ಬಿತ್ತು. ಒಂದು ಮುದ್ರೆಯ ಶಾಯಿ ಕದಡಿ ಹರಿಯಿತು.

"ಏಳು" ಎಂದರು ಗುರು. "ಕೇರಿಯವರನ್ನೆಲ್ಲ ಕೂಗಿ ಕರೆ, ಹಾರೆ ಹಿಡಿದು ಹೋಗಿ ಗೋಡೆ ಕೆಡವಿ."